ಲಾಯದ ಸುದ್ದಿ ಬೇಕೆ? ಬೆಳಗಿನ ತಾಲೀಮು ವರದಿ ಓದಲು ಕಲಿಯಿರಿ

ಬೆಂಗಳೂರಿನಲ್ಲಿ ರೇಸ್ ಇರುವ ದಿನ ತುಮಕೂರಿನಿಂದ ಹೊರಡುವ ರೈಲಿನಲ್ಲಿ ಸುಮ್ಮನೆ ಕಿವಿಗೊಟ್ಟು ಕೂತರೆ ಸಾಕು, ‘ಸ್ಟೇಬಲ್‌ನಿಂದಲೇ ಬಂದ ಸುದ್ದಿ’ ಒಂದೆರಡಾದರೂ ಕಿವಿಗೆ ಬೀಳುತ್ತದೆ. ಹೇಳುವವರು ಕುಣಿಗಲ್ ಕಡೆಯವರಾದರಂತೂ ಮಾತಿಗೆ ತೂಕ ಜಾಸ್ತಿ. ಅಲ್ಲಿನ ಸ್ಟಡ್ ಫಾರ್ಮ್‌ನಲ್ಲಿ ಯಾರೋ ನೆಂಟರು, ಯಾರೋ ಪರಿಚಯದವರು ಇದ್ದೇ ಇರುತ್ತಾರೆ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ಅದು, ಸರಿ. ಆದರೆ ಸ್ಟಡ್ ಫಾರ್ಮ್‌ನವರು ಬಲ್ಲದ್ದು ಮರಿಯ ತಂದೆ-ತಾಯಿಯನ್ನು, ಅದರ ಕೈಕಾಲಿನ ಕಟ್ಟನ್ನು. ಎರಡು ವರ್ಷದ ಆಸುಪಾಸಿನಲ್ಲಿ ಅದು ಟ್ರೈನರ್ ಲಾಯ ಸೇರಿದ ಮೇಲೆ ಈ ವಾರ ಹೇಗಿದೆ ಎಂಬುದು ಕುಣಿಗಲ್‌ಗೆ ಗೊತ್ತಾಗುವುದೂ ತುಮಕೂರಿಗೆ ಗೊತ್ತಾಗುವುದೂ ಒಂದೇ ದಾರಿಯಲ್ಲಿ.

ಆ ದಾರಿ ಗುಟ್ಟಿನದಲ್ಲ. ಕುದುರೆಯನ್ನು ಯಾವ ರೇಸಿಗೆ ಹಾಕಿದ್ದಾರೆ, ಯಾರನ್ನು ಕೂರಿಸಿದ್ದಾರೆ, ಮುಖಕ್ಕೆ ಏನು ಕಟ್ಟಿದ್ದಾರೆ, ಬೆಳಿಗ್ಗೆ ಎಷ್ಟು ಜೋರಾಗಿ ಓಡಿಸಿದ್ದಾರೆ, ಇಷ್ಟನ್ನೂ ಟ್ರೈನರ್ ಮುಚ್ಚಿಡಲು ಆಗುವುದಿಲ್ಲ. ಹೆಚ್ಚುಕಡಿಮೆ ಎಲ್ಲವೂ ಅಚ್ಚಾಗಿ ಹೊರಗೆ ಬರುತ್ತದೆ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸ್ ಕೌಶಲದ ಆಟ ಎಂದು ಹೇಳಿದೆ. ನೋಡುವವನ ಪಾಲಿಗೆ ಆ ಕೌಶಲದ ದೊಡ್ಡ ಪಾಲು ಈ ಅಚ್ಚಾದ ಸಾಲುಗಳನ್ನು ಓದುವುದರಲ್ಲೇ ಇದೆ. ಹೆಚ್ಚಿನವರು ಎಡವುವುದೂ ಅಲ್ಲೇ.

ಮೊದಲು: ಪಟ್ಟಿ

ಅಂತಿಮ ಡಿಕ್ಲರೇಷನ್ ಪಟ್ಟಿ, ಅಂದರೆ ಯಾವ ರೇಸಿನಲ್ಲಿ ಯಾವ ಕುದುರೆ ಓಡುತ್ತದೆ ಎಂಬ ಕೊನೆಯ ಪಟ್ಟಿ, ಬಂದ ಮೇಲೆಯೇ ಕೂರಿ. ಅದಕ್ಕೂ ಮುಂಚಿನ ಎಂಟ್ರಿ ಪಟ್ಟಿ ಹಿಡಿದು ಲೆಕ್ಕ ಹಾಕುವುದು ದಂಡ. ಒಂದೇ ಕುದುರೆಯನ್ನು ಎರಡು ರೇಸಿಗೆ ಹಾಕಿ ಒಂದರಿಂದ ತೆಗೆಯುವುದು ಮಾಮೂಲು. ರೇಟಿಂಗ್ ಅಂದರೆ ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ. ಅದರ ಒಂದು ಪಾಯಿಂಟ್ ಅಂದರೆ ಬೆನ್ನ ಮೇಲೆ ಅರ್ಧ ಕಿಲೋ ಎಂಬುದು ನೆನಪಿರಲಿ. 40-65ರ ತರಗತಿಯಲ್ಲಿ ಹಿಂದೆ ಬೀಳುತ್ತಿದ್ದ ಕುದುರೆಯ ರೇಟಿಂಗ್ 44ಕ್ಕೆ ಇಳಿದರೆ ಅದು 20-45ರ ರೇಸಿಗೂ ಅರ್ಹ. ಅಲ್ಲಿ ಭಾರ ಹೆಚ್ಚು ಹೊರಬೇಕು, ಎದುರಾಳಿಗಳು ಮಾತ್ರ ದುರ್ಬಲ. ಟ್ರೈನರ್ ಅದನ್ನು ಎಲ್ಲಿಗೆ ಹಾಕುತ್ತಾರೆ ಎಂಬುದೇ ಅವರು ಕೊಡುವ ಮೊದಲ ಸುದ್ದಿ.

ಆಮೇಲೆ: ತಾಲೀಮು ವರದಿ

ಇಲ್ಲಿ ನಿಧಾನ ಬೇಕು. ಇಂಗ್ಲಿಷ್ ಪತ್ರಿಕೆಗಳ ಕ್ರೀಡಾಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುವ ಟ್ರ್ಯಾಕ್ ವರ್ಕ್ ವರದಿಯ ಒಂದು ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ:

ಔಟರ್ ಸ್ಯಾಂಡ್, 1200 ಮೀ: (ಕುದುರೆಯ ಹೆಸರು) (ಆರ್‌ಬಿ) 1-24, 1000/1-9, 600/41. ಮೂವ್ಡ್ ಫ್ರೀಲಿ.

ಔಟರ್ ಸ್ಯಾಂಡ್ ಅಂದರೆ ಹೊರಗಿನ ಮರಳು ಟ್ರ್ಯಾಕ್. ಆರ್‌ಬಿ ಅಂದರೆ ರೈಡಿಂಗ್ ಬಾಯ್, ಬೆಳಗಿನ ತಾಲೀಮಿಗೆ ಕೂರುವ ಸವಾರ. ಜಾಕಿ ಕೂತಿದ್ದರೆ ಅವನ ಹೆಸರೇ ಇರುತ್ತದೆ. 1-24 ಅಂದರೆ 1 ನಿಮಿಷ 24 ಸೆಕೆಂಡ್, 1-9 ಅಂದರೆ 1 ನಿಮಿಷ 9 ಸೆಕೆಂಡ್. ಅದನ್ನು 1.9 ಎಂದು ಓದಿ 1-10ಕ್ಕಿಂತ ನಿಧಾನ ಎಂದುಕೊಂಡವರಿದ್ದಾರೆ. ಆದ್ದರಿಂದ ಮೊದಲ ಕೆಲಸ, ಎಲ್ಲವನ್ನೂ ಸೆಕೆಂಡಿಗೆ ಇಳಿಸಿ ಬರೆದುಕೊಳ್ಳುವುದು: 84, 69, 41. ಮೊಬೈಲ್ ಬೇಡ, ನೂರು ಪುಟದ ನೋಟ್‌ಬುಕ್ಕು, ಪೆನ್ಸಿಲ್ಲು ಸಾಕು.

1200 ಮೀಟರ್‌ಗೆ ಒಟ್ಟು 84, ಅದರಲ್ಲಿ ಕೊನೆಯ 1000 ಮೀಟರ್‌ಗೆ 69, ಕೊನೆಯ 600ಕ್ಕೆ 41. ಈಗ ಕಳೆಯಿರಿ. ಮೊದಲ 200 ಮೀಟರ್‌ಗೆ 15 ಸೆಕೆಂಡ್. ನಡುವಿನ 400ಕ್ಕೆ 28, ಅಂದರೆ ಪ್ರತಿ 200ಕ್ಕೆ 14. ಕೊನೆಯ 600ಕ್ಕೆ 41, ಅಂದರೆ ಪ್ರತಿ 200ಕ್ಕೆ 13.7. ಹೋಗ್ತಾ ಹೋಗ್ತಾ ವೇಗ ಏರಿದೆ, ಉಸಿರು ಉಳಿದಿದೆ.

ಅದೇ ಬೆಳಿಗ್ಗೆ ಇನ್ನೊಂದು ಕುದುರೆ 1-22, 1000/1-7.5, 600/42.5 ಎಂದಿದೆ ಅನ್ನೋಣ. ಒಟ್ಟು ಸಮಯ ಮಾತ್ರ ನೋಡುವವರು ಇದರ ಮೇಲೆ ಬೀಳುತ್ತಾರೆ, ಎರಡು ಸೆಕೆಂಡ್ ಬೇಗ ಅಲ್ಲವೇ. ಕಳೆದು ನೋಡಿ: ಮೊದಲ 200ಕ್ಕೆ 14.5, ನಡುವೆ ಪ್ರತಿ 200ಕ್ಕೆ 12.5, ಕೊನೆಗೆ ಪ್ರತಿ 200ಕ್ಕೆ 14.2. ನಡುವೆ ಹಾರಿ ಕೊನೆಗೆ ಬಿಟ್ಟಿದೆ. ಇದಕ್ಕೆ ಎರಡು ಕಾರಣ ಇರಬಹುದು: ಕುದುರೆ ಸುಸ್ತಾಗಿದೆ, ಇಲ್ಲವೇ ಸವಾರ ಲಗಾಮು ಎಳೆದು ಇಳಿಸಿದ್ದಾನೆ. ಸಾಲಿನ ಕೊನೆಯಲ್ಲಿ ‘ಈಸ್ಡ್ ಅಪ್’ ಎಂದೋ ‘ಈಸಿ’ ಎಂದೋ ಇದ್ದರೆ ಎರಡನೆಯದು. ಏನೂ ಇಲ್ಲದಿದ್ದರೆ ಮೊದಲನೆಯದೇ ಎಂದು ಹಿಡಿಯಿರಿ.

ಮರಳಿನ ಮೇಲೆ 600ಕ್ಕೆ 45 ಸೆಕೆಂಡ್ ಅಂದರೆ ಮೈ ಬಿಸಿ ಮಾಡಿದ ಓಟ. 42-43 ಅಂದರೆ ಸಾಧಾರಣ. 39ರ ಒಳಗೆ ಬಂದರೆ ಜೋರು ಕೆಲಸ. ಆದರೆ ಈ ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಬೇಡಿ. ಮರಳು ಹಸಿಯಿದ್ದರೆ ಒಂದು ವೇಗ, ಒಣಗಿ ಸಡಿಲವಾಗಿದ್ದರೆ ಇನ್ನೊಂದು, ಆಗತಾನೆ ಕುಂಟೆ ಎಳೆದಿದ್ದರೆ ಮತ್ತೊಂದು. ಬೆಂಗಳೂರಿನ ಬೇಸಿಗೆ ಸೀಸನ್ ಮೇ ತಿಂಗಳಲ್ಲಿ ಶುರುವಾಗಿ ಮಳೆಗಾಲಕ್ಕೆ ಕಾಲಿಡುತ್ತದೆ. ಮೇ ತಿಂಗಳ 40ಕ್ಕೂ ಜುಲೈ ತಿಂಗಳ 40ಕ್ಕೂ ಹೋಲಿಕೆಯೇ ಇಲ್ಲ. ಇನ್ನರ್ ಸ್ಯಾಂಡ್‌ನ ತಿರುವು ಬೇರೆ, ಔಟರ್‌ನದು ಬೇರೆ. ಎರಡನ್ನೂ ಬೆರೆಸಿದರೆ ಲೆಕ್ಕ ಕೆಟ್ಟಂತೆಯೇ.

ಇದಕ್ಕೆ ಒಂದೇ ಉಪಾಯ. ಆ ದಿನ, ಅದೇ ಟ್ರ್ಯಾಕ್‌ನಲ್ಲಿ ಓಡಿದ ಹನ್ನೊಂದು ಕುದುರೆಗಳ ‘600’ ಅಂಕಿಯನ್ನು ಕಡಿಮೆಯಿಂದ ಹೆಚ್ಚಿಗೆ ಬರೆದು ನಡುವಿನ ಆರನೆಯದನ್ನು ತೆಗೆಯಿರಿ. ಅದು 42 ಇದ್ದು, ನಿಮ್ಮ ಕುದುರೆ ‘ಈಸಿ’ ಎನಿಸಿಕೊಂಡು 40.5ರಲ್ಲಿ ಬಂದಿದ್ದರೆ ಗಮನಿಸಬೇಕಾದ್ದು. ನಡುವಿನದೇ 40 ಇದ್ದರೆ ಆ 40.5ರಲ್ಲಿ ವಿಶೇಷವೇನಿಲ್ಲ. ಇಷ್ಟು ಮಾಡಲು ಹತ್ತು ನಿಮಿಷ ಸಾಕು. ಸಾವಿರಾರು ರೂಪಾಯಿ ಹಾಕುವವರು ಈ ಹತ್ತು ನಿಮಿಷಕ್ಕೆ ಮಾತ್ರ ಯಾಕೋ ಜುಗ್ಗರು.

ಒಂದೇ ಪತ್ರಿಕೆಗೆ ಅಂಟಿಕೊಳ್ಳಿ. ಬೆಳಗಿನ ಮಬ್ಬಿನಲ್ಲಿ ಸ್ಟಾಪ್‌ವಾಚ್ ಒತ್ತಿ ತೆಗೆದ ಸಮಯ ಇದು. ಇಬ್ಬರು ವರದಿಗಾರರ ನಡುವೆ ಅರ್ಧ ಸೆಕೆಂಡ್ ವ್ಯತ್ಯಾಸ ಬಂದೇ ಬರುತ್ತದೆ. ಒಬ್ಬರ ಸಮಯವನ್ನು ಇನ್ನೊಬ್ಬರದರ ಜೊತೆ ಹೋಲಿಸಬೇಡಿ. ವರದಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಕುದುರೆ ಓಡಿಲ್ಲ ಎಂದೂ ಅಲ್ಲ, ನೂರಾರು ಕುದುರೆಗಳಲ್ಲಿ ಕೆಲವು ಕಣ್ಣು ತಪ್ಪಿಸುತ್ತವೆ. ಸಾಲಿನ ಕೊನೆಯ ‘ಪ್ಲೀಸ್ಡ್’, ‘ಶೋನ್’, ‘ಇನ್ ಫೈನ್ ಟ್ರಿಮ್’ ಬರೆಯುವುದು ವರದಿಗಾರರೇ ಹೊರತು ಟ್ರೈನರ್ ಅಲ್ಲ. ಇವು ಹೊಗಳಿಕೆ, ಬದಿಗಿಡಿ. ‘ಈಸಿ’ (ಒತ್ತಾಯವಿಲ್ಲದೆ), ‘ಪುಷ್ಡ್’, ‘ಅರ್ಜ್ಡ್’ (ಒತ್ತಾಯಿಸಿ ಓಡಿಸಿದ್ದು) ಇವು ಮಾತ್ರ ಮಾಹಿತಿ, ಯಾಕೆಂದರೆ ಸವಾರ ಏನು ಮಾಡಿದ ಎಂಬುದನ್ನು ಹೇಳುತ್ತವೆ. 39 ಈಸಿ ಮತ್ತು 39 ಪುಷ್ಡ್ ಎರಡೂ ಒಂದೇ ಎಂದು ಓದುವವರಿಗೆ ಈ ವರದಿ ಓದದಿರುವುದೇ ಲೇಸು.

ಜೋಡಿ ಓಟ

ಎರಡು ಹೆಸರು ಸೇರಿಸಿ ಒಂದೇ ಸಮಯ ಕೊಟ್ಟು, ‘ಫಾರ್ಮರ್ ಮೂರು ಲೆಂಗ್ತ್ ಮುಂದೆ’ ಎಂದಿದ್ದರೆ ಮೊದಲ ಹೆಸರಿನದು ಮುಂದೆ ಬಂದಿದೆ, ಅಚ್ಚಾದ ಸಮಯವೂ ಅದರದೇ. ಒಂದು ಲೆಂಗ್ತ್‌ಗೆ, ಅಂದರೆ ಒಂದು ಕುದುರೆಯ ಉದ್ದಕ್ಕೆ, ಸುಮಾರು 0.17 ಸೆಕೆಂಡ್ ಹಿಡಿದರೆ ಎರಡನೆಯದಕ್ಕೆ ಅರ್ಧ ಸೆಕೆಂಡ್ ಸೇರಿಸಿ. ‘ಲ್ಯಾಟರ್’ ಎಂದಿದ್ದರೆ ಉಲ್ಟಾ. ಇದನ್ನು ತಿರುಗುಮುರುಗು ಓದಿ ಸೋತ ಕುದುರೆಗೆ ದುಡ್ಡು ಕಟ್ಟುವುದು ಪ್ರತಿ ವಾರ ನಡೆಯುವ ಪ್ರಮಾದ.

ಜೊತೆಗೆ ಓಡಿದ್ದು ಯಾರು ಎಂಬುದು ಸಮಯಕ್ಕಿಂತ ಮುಖ್ಯ. 30 ರೇಟಿಂಗ್‌ನ ಕುದುರೆ 62 ರೇಟಿಂಗ್‌ನದರ ಭುಜಕ್ಕೆ ಭುಜ ಕೊಟ್ಟು ಬಂದಿದ್ದರೆ, ಕಾಗದದ ಮೇಲೆ 16 ಕಿಲೋ ಅಂತರವನ್ನು ಮುಚ್ಚಿದಂತೆ. ಆದರೆ ಕುಣಿದಾಡುವ ಮೊದಲು ಸವಾರರನ್ನು ನೋಡಿ. 30ರದರ ಮೇಲೆ ಹಗುರ ಜಾಕಿ, 62ರದರ ಮೇಲೆ ಭಾರದ ರೈಡಿಂಗ್ ಬಾಯ್ ಇದ್ದರೆ ಅರ್ಧ ವಿಷಯ ಅಲ್ಲೇ ಮುಗಿಯಿತು. ಬೆಳಗಿನ ಕೆಲಸದಲ್ಲಿ ಯಾವ ಕುದುರೆ ಎಷ್ಟು ಭಾರ ಹೊತ್ತಿತ್ತು ಎಂಬುದು ಅಚ್ಚಾಗುವುದಿಲ್ಲ. ದೊಡ್ಡ ಕುದುರೆಯನ್ನು ಬೇಕೆಂದೇ ಹಿಡಿದು ಮರಿಗೆ ಧೈರ್ಯ ತುಂಬುವುದೂ ಉಂಟು.

ಗೇಟ್ ಪ್ರಾಕ್ಟೀಸ್: ಆವರಣದೊಳಗಿನ ಅಂಕಿ

ರೇಸ್ ಶುರುವಾಗುವ ಗೇಟ್‌ನಿಂದ ಹೊರಡುವ ಅಭ್ಯಾಸವೇ ಗೇಟ್ ಪ್ರಾಕ್ಟೀಸ್. ಅದರ ಸಾಲು ಹೀಗಿರುತ್ತದೆ: 1400 ಮೀ, 1-40, (1400-600) 57.5. ಆವರಣದೊಳಗೆ 600 ಕಂಡೊಡನೆ ಇದೂ ಕೊನೆಯ 600ರ ಸಮಯ ಎಂದುಕೊಂಡು, 57.5 ಸೆಕೆಂಡ್ ತೆಗೆದುಕೊಂಡ ಕುದುರೆ ಗಾಡಿ ಎಳೆಯಲಿಕ್ಕೆ ಲಾಯಕ್ಕು ಎಂದು ಪಕ್ಕಕ್ಕೆ ತಳ್ಳುವವರು ಬಹಳ. ಅದು 1400ರ ಗುರುತಿನಿಂದ 600ರ ಗುರುತಿನವರೆಗೆ, ಅಂದರೆ ಮೊದಲ 800 ಮೀಟರ್‌ಗೆ ತೆಗೆದುಕೊಂಡ ಸಮಯ. ಪ್ರತಿ 200ಕ್ಕೆ 14.4 ಬಿತ್ತು. ಉಳಿದ 600ಕ್ಕೆ 100ರಲ್ಲಿ 57.5 ಕಳೆದರೆ 42.5.

ಗೇಟ್‌ನಿಂದ ಕುದುರೆ ನಿಂತಲ್ಲಿಂದ ಹೊರಡುತ್ತದೆ. ಮಾಮೂಲಿ ತಾಲೀಮಿನಲ್ಲಿ ಗುರುತು ದಾಟುವ ಹೊತ್ತಿಗೆ ಆಗಲೇ ಓಡುತ್ತಿರುತ್ತದೆ. ಹಾಗಾಗಿ ಈ ಎರಡು ಬಗೆಯ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಬರೆಯಬೇಡಿ. ಎಷ್ಟೋ ಕುದುರೆಗಳನ್ನು 600ರ ಗುರುತಿನ ಆಚೆ ನಿಧಾನಿಸುವುದರಿಂದ ಇಲ್ಲಿ ಬೇಕಾದ್ದು ಆವರಣದೊಳಗಿನ ಅಂಕಿ, ಅದರ ಜೊತೆ ‘ಜಂಪ್ಡ್ ಔಟ್ ವೆಲ್’ ಅಥವಾ ‘ಸ್ಲೋಲಿ’ ಎಂಬ ಮಾತು. 1100, 1200 ಮೀಟರ್ ರೇಸಿನಲ್ಲಿ ಗೇಟ್‌ನಲ್ಲಿ ಎರಡು ಲೆಂಗ್ತ್ ಕಳೆದುಕೊಂಡ ಕುದುರೆ ಅದನ್ನು ವಾಪಸ್ ಪಡೆಯುವುದು ಕಷ್ಟ. ಇನ್ನೂ ಓಡಿರದ ಎಳೆಯ ಕುದುರೆಗಳಿಗಾದರೆ ಮಾಕ್ ರೇಸ್ (ಅಭ್ಯಾಸದ ಅಣಕು ರೇಸ್) ಫಲಿತಾಂಶ ನೋಡಿ, ಉಳಿದದ್ದೆಲ್ಲ ಊಹೆ.

ಉಪಕರಣ, ಜಾಕಿ, ಟ್ರೈನರ್ ಮಾತು

ರೇಸ್ ಬುಕ್ಕಿನಲ್ಲಿ ಹೆಸರಿನ ಪಕ್ಕ ಇರುವ ಗುರುತುಗಳನ್ನು ಹಿಂದಿನ ಓಟದ್ದರ ಜೊತೆ ಇಟ್ಟು ನೋಡಿ. ಹೊಸದಾಗಿ ಬ್ಲಿಂಕರ್ಸ್ (ಪಕ್ಕದ ನೋಟ ತಡೆಯುವ ಕಣ್ಣಪಟ್ಟಿ) ಬಂದಿದ್ದರೆ ಕುದುರೆಯ ಗಮನ ಅತ್ತಿತ್ತ ಹೋಗುತ್ತಿತ್ತು ಎಂದು ಟ್ರೈನರ್ ಒಪ್ಪಿಕೊಂಡಂತೆ. ಟಂಗ್ ಸ್ಟ್ರಾಪ್ (ನಾಲಿಗೆಗೆ ಕಟ್ಟುವ ಪಟ್ಟಿ) ಬಂದಿದ್ದರೆ ಹೆಚ್ಚಾಗಿ ಉಸಿರಾಟದ ತೊಂದರೆ. ಮೊದಲ ಸಲದ ಬದಲಾವಣೆಗೆ ಬೆಲೆ ಇದೆ, ಮೂರನೇ ಸಲಕ್ಕೆ ಇಲ್ಲ.

ಒಂದೇ ಟ್ರೈನರ್‌ನ ಎರಡು ಕುದುರೆ ಓಡುವಾಗ ಆ ಲಾಯದ ಮುಖ್ಯ ಜಾಕಿ ಯಾವುದನ್ನು ಹತ್ತಿದ್ದಾನೆ ನೋಡಿ. ‘ಜಾಕಿಯೇ ಹೇಳಿದ’ ಎಂಬ ಮಾತಿಗೆ ಮಾತ್ರ ಕವಡೆ ಕಿಮ್ಮತ್ತೂ ಕೊಡಬೇಡಿ. ಬಾಜಿ ಕಟ್ಟುವುದು ಜಾಕಿಗಳಿಗೆ ನಿಯಮದಲ್ಲೇ ನಿಷಿದ್ಧ. ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಹೇಳಿದ್ದು ನಿಜವೇ ಇರಬಹುದು, ಆದರೆ ಅವನು ಬಲ್ಲದ್ದು ತಾನು ಮೈ ಉಜ್ಜುವ ಕುದುರೆಗಳನ್ನು. ಎದುರಿಗೆ ಓಡುವ ಇನ್ನು ಹನ್ನೊಂದರ ಕಥೆ ಅವನಿಗೂ ಗೊತ್ತಿಲ್ಲ.

ದೊಡ್ಡ ರೇಸ್‌ಗಳ ಮುಂಚೆ ಟ್ರೈನರ್‌ಗಳು ಪತ್ರಿಕೆಗಳ ಜೊತೆ ಮಾತಾಡುತ್ತಾರೆ. ‘ಚೆನ್ನಾಗಿದೆ, ಅವಕಾಶ ಇದೆ’ ಎಂಬುದು ಎಲ್ಲರೂ ಎಲ್ಲ ಕುದುರೆಗೂ ಹೇಳುವ ಮಾತು. ದೂರದ ಬಗ್ಗೆ, ಒದ್ದೆ ನೆಲದ ಬಗ್ಗೆ, ತಪ್ಪಿಹೋದ ತಾಲೀಮಿನ ಬಗ್ಗೆ ಏನಾದರೂ ಹೇಳಿದ್ದರೆ ಅದನ್ನು ಬರೆದುಕೊಳ್ಳಿ. ‘ಇದಕ್ಕೆ ಇನ್ನೊಂದು ಓಟ ಬೇಕು’ ಎಂದರೆ ಇಡೀ ಸಂದರ್ಶನದಲ್ಲಿ ಅದೊಂದೇ ಸಾಲು ಬಾಳುವಂಥದ್ದು: ಇವತ್ತು ಬಿಡಿ, ಮುಂದಿನ ಸಲ ನೋಡಿ.

ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ‘ಸ್ಟೇಬಲ್ ಕನ್ಫರ್ಮ್’ ಮಾರುವವರ ಲೆಕ್ಕ ಸುಲಭ. ಎಂಟು ಗುಂಪಿಗೆ ಎಂಟು ಕುದುರೆ ಹಂಚುತ್ತಾರೆ, ಗೆದ್ದ ಗುಂಪಿನ ಸ್ಕ್ರೀನ್‌ಶಾಟ್ ತೋರಿಸಿ ಮುಂದಿನ ವಾರಕ್ಕೆ ದುಡ್ಡು ಕೇಳುತ್ತಾರೆ. ಊರಲ್ಲೇ ಫೋನಿನಲ್ಲಿ ಬಾಜಿ ಹಿಡಿಯುವವನ ಹತ್ತಿರ ಹೋಗುವುದಂತೂ ಕಾನೂನಿನ ಕಣ್ಣಲ್ಲಿ ಶುದ್ಧ ಜೂಜು. ಗೆದ್ದರೂ ಕೇಳಲು ದಿಕ್ಕಿಲ್ಲ.

ಪ್ಯಾಡಕ್, ದುಡ್ಡು, ಆಮೇಲೆ

ಪ್ಯಾಡಕ್‌ನಲ್ಲಿ, ಅಂದರೆ ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಅಂಗಳದಲ್ಲಿ, ನಡಿಗೆ ನೋಡಿ. ಹಿಂಗಾಲು ಮುಂಗಾಲಿನ ಹೆಜ್ಜೆ ದಾಟಿ ಬೀಳುತ್ತಿದ್ದರೆ ಮೈ ಸಡಿಲವಾಗಿದೆ. ಹಿಂದಿನ ತೊಡೆಗಳ ನಡುವೆ ನೊರೆ ಬೆವರಿದ್ದರೆ ಬಿಡಿ.

ದುಡ್ಡಿನ ವಿಷಯ: 2025ರ ಸೆಪ್ಟೆಂಬರ್ 22ರಿಂದ ರೇಸ್ ಬಾಜಿಯ ಮೇಲೆ ಜಿಎಸ್‌ಟಿ 40%. ₹10,000 ದಾಟಿದ ಗೆಲುವಿಗೆ 30% ಟಿಡಿಎಸ್ ಬೇರೆ. ಇಷ್ಟು ಕಡಿತದ ಮುಂದೆ ಅರ್ಧ ಸೆಕೆಂಡಿನ ಲಾಭದ ಕುದುರೆಗೆ ಕಟ್ಟುವುದು ವ್ಯರ್ಥ. ದಿನದ ಎಲ್ಲ ರೇಸಿಗೂ ಕಟ್ಟುವವನಿಗೆ ಯಾವ ಲೆಕ್ಕವೂ ನೆರವಾಗುವುದಿಲ್ಲ. ಒಂದು, ಬಹಳವೆಂದರೆ ಎರಡು ರೇಸ್ ಆರಿಸಿ, ಉಳಿದದ್ದನ್ನು ಬರೀ ನೋಡಿ.

ರೇಸ್ ಮುಗಿದ ಮೇಲೆ ಸ್ಟೀವರ್ಡ್‌ಗಳ (ರೇಸ್ ನಿಯಮ ನೋಡಿಕೊಳ್ಳುವ ಅಧಿಕಾರಿಗಳ) ವರದಿ ಓದುವವರು ನೂರಕ್ಕೆ ಒಬ್ಬರೂ ಇಲ್ಲ. ನಿರೀಕ್ಷೆಯ ಕುದುರೆ ಹಿಂದೆ ಬಿದ್ದಾಗ ಟ್ರೈನರ್‌ನನ್ನು ಕರೆದು ವಿವರಣೆ ಕೇಳುವುದುಂಟು. ಗೇಟ್‌ನಲ್ಲಿ ತಲೆ ಬಡಿಯಿತು, ತಿರುವಿನಲ್ಲಿ ದಾರಿ ಸಿಗಲಿಲ್ಲ, ಮೂಗಿನಲ್ಲಿ ರಕ್ತ ಬಂತು, ಲಾಳ ಕಳಚಿತು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಇದು ಟ್ರೈನರ್ ಹೆಸರು ಹಾಕಿ ಕೊಟ್ಟ ಹೇಳಿಕೆ, ಬಿಟ್ಟಿಯಾಗಿ ಸಿಗುವಂಥದ್ದು. ಆ ಕಾರಣವನ್ನು ಕುದುರೆಯ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಬರೆದಿಡಿ. ದಾರಿ ಸಿಗದೆ ಸೋತದ್ದು ಮುಂದಿನ ಪಟ್ಟಿಯಲ್ಲಿ ಕಂಡರೆ ಮೊದಲು ಅದರ ತಾಲೀಮು ಹುಡುಕಿ. ರಕ್ತ ಬಂದದ್ದಾದರೆ ವಾಪಸ್ ಬಂದ ಮೊದಲ ಓಟಕ್ಕೆ ಕೈ ಹಾಕಬೇಡಿ.