ಚೌಕ ಕತ್ತರಿಸಿದ ಮೇಲೆ ಲೆಕ್ಕ ಕೂಡಿಸುವುದು ಹೇಗೆ?

ಪೀನ ಬಹುಭುಜವನ್ನು, ಅಂದರೆ ಎಲ್ಲೂ ಒಳಕ್ಕೆ ಬಾಗದ ಬಹುಭುಜವನ್ನು, ತುಂಡು ಮಾಡುವುದು ಎಲ್ಲರಿಗೂ ಬರುತ್ತದೆ. ತುಂಡುಗಳ ಲೆಕ್ಕವನ್ನು ಮತ್ತೆ ಕೂಡಿಸುವಾಗ ಮಾತ್ರ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ನಾನು ಎಷ್ಟೋ ಸಲ ನೋಡಿದ್ದೇನೆ.

ನಿಯಮ ಇಷ್ಟೇ: ಒಟ್ಟು ಆಕೃತಿಯ ಬೆಲೆ (ಅಳೆದಾಗ ಬರುವ ಸಂಖ್ಯೆ) ಬೇಕಾದರೆ ಎರಡು ತುಂಡುಗಳ ಬೆಲೆ ಕೂಡಿಸಿ, ಎರಡಕ್ಕೂ ಸೇರಿದ ಭಾಗದ ಬೆಲೆ ಕಳೆಯಿರಿ. ಇದಕ್ಕೆ ಒಗ್ಗುವ ಅಳತೆಗೆ ವ್ಯಾಲ್ಯುಯೇಷನ್ ಎಂದು ಹೆಸರು.

ಮೊದಲು ಅಳತೆ ಆರಿಸಿಕೊಳ್ಳಿ. ವಿಸ್ತೀರ್ಣ ಬೇಡವೇ ಬೇಡ. ಗೆರೆಯ ವಿಸ್ತೀರ್ಣ ಸೊನ್ನೆ ಅಲ್ವಾ? ಗಡಿ ಮರೆತರೂ ಉತ್ತರ ಸರಿ ಬಂದುಬಿಡುತ್ತದೆ, ತಪ್ಪು ಅಭ್ಯಾಸ ಗಟ್ಟಿಯಾಗುತ್ತದೆ. ಪೂರ್ಣಾಂಕ ಬಿಂದುಗಳನ್ನು, ಅಂದರೆ ಎರಡೂ ನಿರ್ದೇಶಾಂಕ ಪೂರ್ಣಾಂಕವಾಗಿರುವ ಬಿಂದುಗಳನ್ನು, ಎಣಿಸುತ್ತಲೇ ಕಲಿಯಿರಿ.

(0,0)ಯಿಂದ (2,2)ವರೆಗಿನ ಚೌಕ ಬರೆದು ಎರಡೂ ಕರ್ಣ ಎಳೆಯಿರಿ. ಚೌಕದಲ್ಲಿ 9 ಬಿಂದು, ತ್ರಿಕೋನಗಳು 4. ಗಡಿಯೂ ಸೇರಿದರೆ ಒಂದೊಂದು ತ್ರಿಕೋನದಲ್ಲಿ 4 ಬಿಂದು, ಒಟ್ಟು 16.

ಇನ್ನು ಕಳೆಯುವ ಕೆಲಸ. ಪಕ್ಕಪಕ್ಕದ ತ್ರಿಕೋನಗಳಿಗೆ ಅರ್ಧ ಕರ್ಣ ಸೇರುತ್ತದೆ, ಅದರಲ್ಲಿ 2 ಬಿಂದು. ಅಂಥ ಜೋಡಿ 4, ಆದ್ದರಿಂದ 8 ಕಳೆಯುತ್ತಾರೆ. ಉಳಿದದ್ದು 8. ಅಲ್ಲಿಗೇ ನಿಲ್ಲಿಸುತ್ತಾರೆ! ಒಂದು ಬಿಂದು ಎಲ್ಲಿ ಹೋಯಿತು? ನಡುವಿನ (1,1) ನೋಡಿ. ಅದನ್ನು ನಾಲ್ಕು ಸಲ ಎಣಿಸಿ ನಾಲ್ಕು ಸಲ ಕಳೆದಿದ್ದೇವೆ, ಹಾಗಾಗಿ ಅದು ಲೆಕ್ಕದಿಂದಲೇ ಮಾಯ. ಎದುರುಬದುರು ಇರುವ ತ್ರಿಕೋನಗಳೂ ಅದೇ ಬಿಂದುವಿನಲ್ಲಿ ಮುಟ್ಟುತ್ತವೆ. ಆ 2 ಜೋಡಿಗೆ ಇನ್ನೂ 2 ಕಳೆಯಿರಿ. ಮೂರು ಮೂರು ತ್ರಿಕೋನ ಹಿಡಿದರೆ 4 ಗುಂಪು, ಪ್ರತಿಯೊಂದಕ್ಕೂ ಸೇರುವುದು ಅದೇ ಬಿಂದು, 4 ಕೂಡಿಸಿ. ನಾಲ್ಕಕ್ಕೂ ಸೇರಿ 1 ಕಳೆಯಿರಿ. 16 − 10 + 4 − 1 = 9. ಈಗ ಸರಿ.

ಗುಂಪು ಬಿಟ್ಟುಹೋಗಿದೆಯೇ ಎಂದು ನೋಡಲು ಪ್ರತಿ ತ್ರಿಕೋನಕ್ಕೂ ಪ್ರತಿ ಛೇದನಕ್ಕೂ (ಗುಂಪಿಗೆ ಸೇರಿದ ಭಾಗಕ್ಕೂ) ಸುಮ್ನೆ 1 ಹಾಕಿ: 4 − 6 + 4 − 1 = 1. ಇದು ಆಯ್ಲರ್ ಲಕ್ಷಣ. ಗಡಿಯೂ ಸೇರಿದ ಪೀನ ಆಕೃತಿಗೆ ಯಾವಾಗಲೂ 1 ಬರಲೇಬೇಕು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದ ದಾರಿ ಒಂದಿದೆ. ಪ್ರತಿ ಗಡಿಯನ್ನೂ ಒಂದೇ ತುಂಡಿಗೆ ಕೊಟ್ಟುಬಿಡಿ. ಸುತ್ತಿನಲ್ಲಿ ಹೋದರೆ ಮೊದಲ ತ್ರಿಕೋನಕ್ಕೆ 4, ಮುಂದಿನವಕ್ಕೆ 2, 2, ಕೊನೆಯದಕ್ಕೆ 1. ಕಳೆಯುವ ಮಾತೇ ಇಲ್ಲ. ಇದನ್ನು ಕಂಪ್ಯೂಟರ್‌ನಲ್ಲಿ ಮಾಡುವುದಾದರೆ ದಶಮಾಂಶ ಬಳಸುವ ಪ್ರೋಗ್ರಾಂ ನಂಬಬೇಡಿ, ಗಡಿಯ ಬಿಂದು ಒಳಗೋ ಹೊರಗೋ ಎಂಬಲ್ಲಿ ಅದು ತಪ್ಪುತ್ತದೆ. ಭಿನ್ನರಾಶಿಯಲ್ಲೇ ಇಡಿ.

ಕೂಡಿಸುವುದು ಕೈಗೆ ಬಂದ ಮೇಲೆ ಗುಣಿಸುವುದು. ಒಂದರ ಪ್ರತಿ ಬಿಂದುವಿಗೂ ಇನ್ನೊಂದರ ಪ್ರತಿ ಬಿಂದು ಕೂಡಿಸಿ ಬರುವ ಆಕೃತಿ, ಅಂದರೆ ಮಿಂಕೋವ್‌ಸ್ಕಿ ಮೊತ್ತವೇ ಗುಣಲಬ್ಧ. ಪೀಟರ್ ಮ್ಯಾಕ್‌ಮಲನ್ 1989ರಲ್ಲಿ ಮಂಡಿಸಿದ ಬಹುಫಲಕ ಬೀಜಗಣಿತದಲ್ಲೂ ಗುಣಾಕಾರ ಇದೇ. ಇಲ್ಲಿ ತೆರೆದ (ಗಡಿಯಿಲ್ಲದ) ಆಕೃತಿಯನ್ನು ನೇರವಾಗಿ ಗುಣಿಸಬೇಡಿ, ಮೊದಲು ಮುಚ್ಚಿದ (ಗಡಿಯೂ ಸೇರಿದ) ತುಂಡುಗಳಾಗಿ ಬಿಡಿಸಿ. 0ಯಿಂದ 1ರ ಗೆರೆತುಂಡನ್ನು, ತುದಿಗಳಿಲ್ಲದ −1ರಿಂದ 0ಯ ತುಂಡಿನಿಂದ ಗುಣಿಸಿ ನೋಡಿ. ತುದಿಯಿಲ್ಲದ್ದು ಎಂದರೆ ಪೂರ್ತಿ ತುಂಡು ಕಳೆ ಎರಡು ತುದಿ. ಗುಣಿಸಿದರೆ: −1ರಿಂದ 1ರ ತುಂಡು, ಕಳೆ −1ರಿಂದ 0, ಕಳೆ 0ಯಿಂದ 1. ಎಲ್ಲ ಹೊಡೆದುಹೋಗಿ ಸೊನ್ನೆ ಎಂಬ ಬಿಂದು ಮಾತ್ರ ಮೈನಸ್ ಚಿಹ್ನೆಯೊಂದಿಗೆ ಉಳಿಯುತ್ತದೆ. ಈ ಗುಣಾಕಾರದಲ್ಲಿ ಆ ಬಿಂದುವೇ ‘ಒಂದು’. ಹಾಗಾಗಿ ತುದಿಯಿಲ್ಲದ ತುಂಡಿಗೆ ಮೈನಸ್ ಹಾಕಿದರೆ ಗೆರೆತುಂಡಿನ ವಿಲೋಮ, ಅಂದರೆ ಅದರೊಂದಿಗೆ ಗುಣಿಸಿದರೆ ‘ಒಂದು’ ಕೊಡುವುದು, ಸಿಕ್ಕಿತು. ಚೌಕಕ್ಕೂ ಹೀಗೇ: (0,0)ಯ ಸುತ್ತ ಅರ್ಧ ಸುತ್ತು ತಿರುಗಿಸಿ, ಗಡಿ ತೆಗೆಯಿರಿ. ಆಯಾಮ ಎರಡಾದ್ದರಿಂದ ಅಲ್ಲಿ ಮೈನಸ್ ಬೇಕಿಲ್ಲ.