‘ಜೇನ್ ಐರ್’ ಕಾದಂಬರಿಯಲ್ಲಿ ಪ್ರೀತಿ ಮತ್ತು ಮದುವೆ: ಪ್ರಬಂಧಕ್ಕೆ ತಯಾರಾಗುವ ಬಗೆ

ಶಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ ಮೇಲೆ ಪ್ರೀತಿ, ಮದುವೆಯ ಪ್ರಶ್ನೆ ಬಂದರೆ ಹೆಚ್ಚಿನ ಉತ್ತರಗಳು ಒಂದೇ ಜಾಡು ಹಿಡಿಯುತ್ತವೆ: ಬಡ ಗವರ್ನೆಸ್ (ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವವಳು), ಶ್ರೀಮಂತ ಯಜಮಾನ, ಮದುವೆಗೆ ಅಡ್ಡಿ, ಅಗಲಿಕೆ, ಕೊನೆಗೆ ಸುಖ. ಇದು ಕಥಾಸಾರವಾಯಿತೇ ಹೊರತು ಉತ್ತರವಾಗಲಿಲ್ಲ. ಜೇನ್ ಮತ್ತು ರಾಚೆಸ್ಟರ್ ಪರಸ್ಪರ ಪ್ರೀತಿಸುತ್ತಾರೆ ಎಂಬುದು 23ನೇ ಅಧ್ಯಾಯಕ್ಕೇ ಇತ್ಯರ್ಥವಾಗುತ್ತದೆ. ಕಾದಂಬರಿಯಲ್ಲಿ ಇರುವುದು 38 ಅಧ್ಯಾಯ. ಹಾಗಾದರೆ ಉಳಿದ 15 ಅಧ್ಯಾಯ ಯಾತಕ್ಕೆ? ಪ್ರಬಂಧ ಶುರುವಾಗಬೇಕಾದ್ದು ಈ ಪ್ರಶ್ನೆಯಿಂದ. ಪ್ರೀತಿ ಇದ್ದರೂ ಯಾವ ಷರತ್ತಿನ ಮೇಲೆ ಮದುವೆ ಆಗಬಹುದು, ಯಾವ ಷರತ್ತಿನ ಮೇಲೆ ಆಗಕೂಡದು ಎಂಬುದೇ ಅಲ್ಲಿನ ವಿಷಯ. ಆದ್ದರಿಂದ ಓದುವಾಗ ಭಾವನೆಗಳನ್ನು ಪಟ್ಟಿ ಮಾಡುತ್ತಾ ಕೂರಬೇಡಿ. ಹಣ ಯಾರ ಕೈಯಲ್ಲಿದೆ, ಕಾನೂನು ಯಾರ ಪರ ಇದೆ, ಯಾರು ಯಾರಿಂದ ಏನನ್ನು ಮುಚ್ಚಿಟ್ಟಿದ್ದಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ.

ಯಾವ ಪ್ರತಿ ಓದಬೇಕು

ಸಂಕ್ಷಿಪ್ತ ಆವೃತ್ತಿ ಬೇಡವೇ ಬೇಡ. 38 ಅಧ್ಯಾಯ ಪೂರ್ತಿ ಇದೆಯೇ ಎಂದು ನೋಡಿಕೊಂಡು ಕೊಳ್ಳಿ. 1847ರ ಅಕ್ಟೋಬರಿನಲ್ಲಿ, ಕರರ್ ಬೆಲ್ ಎಂಬ ಗುಪ್ತನಾಮದಲ್ಲಿ, ಲಂಡನ್ನಿನ ಸ್ಮಿತ್, ಎಲ್ಡರ್ ಅಂಡ್ ಕಂಪನಿ ಇದನ್ನು ಮೂರು ಸಂಪುಟಗಳಲ್ಲಿ ತಂದಿತು. ಮೊದಲ ಸಂಪುಟದಲ್ಲಿ 15, ಎರಡನೆಯದರಲ್ಲಿ 11, ಮೂರನೆಯದರಲ್ಲಿ 12 ಅಧ್ಯಾಯ. ಕೆಲವು ವಿದ್ವತ್ ಆವೃತ್ತಿಗಳು ಪ್ರತಿ ಸಂಪುಟಕ್ಕೂ ಒಂದರಿಂದಲೇ ಎಣಿಸುತ್ತವೆ. ಅಂಥ ಪ್ರತಿಯಲ್ಲಿ ಎರಡನೇ ಸಂಪುಟದ 8ನೇ ಅಧ್ಯಾಯ ಎಂದರೆ ಇಲ್ಲಿ ಹೇಳುವ 23, ಮೂರನೇ ಸಂಪುಟದ 1 ಎಂದರೆ 27. ಪ್ರಬಂಧದುದ್ದಕ್ಕೂ ಒಂದೇ ಲೆಕ್ಕ ಇಟ್ಟುಕೊಳ್ಳಿ. ಎರಡೂ ಬೆರೆತರೆ ಓದುವವರಿಗೆ ನಿಮ್ಮ ಉಲ್ಲೇಖ ಸಿಗುವುದಿಲ್ಲ.

ನಾಲ್ಕು ಪ್ರಸ್ತಾಪಗಳನ್ನು ಪಕ್ಕಪಕ್ಕ ಇಡಿ

ಒಮ್ಮೆ ಪೂರ್ತಿ ಓದಿದ ಮೇಲೆ, ಎರಡನೇ ಓದಿಗೆ 23, 27, 34 ಮತ್ತು 37ನೇ ಅಧ್ಯಾಯಗಳನ್ನು ಮಾತ್ರ ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ ಒಬ್ಬ ಗಂಡಸು ಜೇನ್‌ಳನ್ನು ತನ್ನ ಜೊತೆ ಬಾಳಲು ಕರೆಯುತ್ತಾನೆ. ಕಾಗದದ ಮೇಲೆ ನಾಲ್ಕು ಕಾಲಂ ಎಳೆದು ಬರೆದುಕೊಳ್ಳಿ: ಅವನು ಕೊಡುತ್ತೇನೆ ಎನ್ನುವುದೇನು, ಆ ಗಳಿಗೆಯಲ್ಲಿ ಅವಳ ಬಳಿ ಇರುವ ಹಣವೆಷ್ಟು, ಅವಳಿಗೆ ಗೊತ್ತಿಲ್ಲದ್ದು ಏನು, ಅವಳ ಉತ್ತರವೇನು.

23ರಲ್ಲಿ, ಜೇನ್ ಕೆಲಸ ಮಾಡುವ ಮನೆಯಾದ ಥಾರ್ನ್‌ಫೀಲ್ಡ್ ತೋಟದಲ್ಲಿ ರಾಚೆಸ್ಟರ್ ಮದುವೆಯ ಮಾತು ಎತ್ತುತ್ತಾನೆ. ಅವನ ಹೆಂಡತಿ ಬರ್ತಾ ಅದೇ ಮನೆಯ ಮೂರನೇ ಮಹಡಿಯಲ್ಲಿ ಬದುಕಿದ್ದಾಳೆ ಎಂಬುದು ಜೇನ್‌ಗೆ ಗೊತ್ತಿಲ್ಲ. 27ರ ಹೊತ್ತಿಗೆ ಗುಟ್ಟು ರಟ್ಟಾಗಿದೆ. ಈಗ ಅವನು ಕರೆಯುವುದು ಫ್ರಾನ್ಸಿನ ದಕ್ಷಿಣದ ಒಂದು ಬಂಗಲೆಗೆ, ಮದುವೆ ಇಲ್ಲದ ಬಾಳಿಗೆ. 34ರಲ್ಲಿ ಪಾದ್ರಿ ಸೇಂಟ್ ಜಾನ್ ರಿವರ್ಸ್ ಭಾರತಕ್ಕೆ ಮಿಷನರಿಯಾಗಿ ಹೋಗುವವನು. ಪ್ರೀತಿ ಇಲ್ಲದ ಮದುವೆಯನ್ನು ಅವಳ ಮುಂದಿಡುತ್ತಾನೆ. ನೀನು ಹುಟ್ಟಿರುವುದು ದುಡಿಮೆಗೆ, ಪ್ರೀತಿಗಲ್ಲ ಎಂದು ಮುಖಕ್ಕೇ ಹೇಳುತ್ತಾನೆ. ತಂಗಿಯಾಗಿ ಬರುತ್ತೇನೆ ಎಂದರೆ ಒಪ್ಪುವುದಿಲ್ಲ: ಮೂವತ್ತು ತುಂಬದವನು ಹತ್ತೊಂಬತ್ತರ ಹುಡುಗಿಯನ್ನು ಮದುವೆಯಾಗದೆ ಭಾರತಕ್ಕೆ ಹೇಗೆ ಕರೆದೊಯ್ಯಲಿ ಎನ್ನುತ್ತಾನೆ. ಬರ್ತಾ ತೀರಿಹೋದ ಮೇಲೆ, 37ರಲ್ಲಿ, ರಾಚೆಸ್ಟರ್ ಮತ್ತೆ ಕೇಳುತ್ತಾನೆ, ಜೇನ್ ಒಪ್ಪುತ್ತಾಳೆ.

27ರಲ್ಲಿ ಮದುವೆಯಿಲ್ಲದ ಪ್ರೀತಿ, 34ರಲ್ಲಿ ಪ್ರೀತಿಯಿಲ್ಲದ ಮದುವೆ, ಎರಡಕ್ಕೂ ಜೇನ್ ಒಲ್ಲೆ ಎಂದಳು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ನೀವು ಒಂದು ಹೆಜ್ಜೆ ಮುಂದೆ ಹೋಗಿ, 27ರಲ್ಲಿ ಅವಳು ನಿರ್ಧಾರಕ್ಕೆ ಬರುವ ಬಗೆಯನ್ನು ನೋಡಿ. ರಾಚೆಸ್ಟರ್ ತನ್ನ ಹಿಂದಿನ ಮೂವರು ಪ್ರೇಯಸಿಯರಾದ ಸೆಲಿನ್, ಜಿಯಾಸಿಂತಾ, ಕ್ಲಾರಾ ಬಗ್ಗೆ ತಿರಸ್ಕಾರದಿಂದ ಮಾತಾಡುತ್ತಾನೆ. ಹಣ ಕೊಟ್ಟು ಹೆಣ್ಣನ್ನು ಇಟ್ಟುಕೊಳ್ಳುವುದು ಗುಲಾಮಳನ್ನು ಕೊಳ್ಳುವುದರ ನಂತರದ ಹೀನ ಕೆಲಸ ಎನ್ನುತ್ತಾನೆ. ಕೇಳುತ್ತಾ ಕೂತ ಜೇನ್ ಅದರಿಂದ ಸೀದಾ ತೀರ್ಮಾನ ತೆಗೆಯುತ್ತಾಳೆ: ತಾನು ಈಗ ಒಪ್ಪಿದರೆ ಆ ಸಾಲಿನಲ್ಲಿ ನಾಲ್ಕನೆಯವಳಾಗುತ್ತೇನೆ, ಒಂದು ದಿನ ತನ್ನ ನೆನಪನ್ನೂ ಇವನು ಹೀಗೇ ಆಡಿಕೊಳ್ಳುತ್ತಾನೆ. ದೇವರ ಕಟ್ಟಳೆಯ ಮಾತು ಅಲ್ಲಿ ಇದೆ, ನಿಜ. ಅದರ ಜೊತೆಗೇ ಈ ಲೆಕ್ಕಾಚಾರವೂ ಇದೆ. ‘ಧರ್ಮಭೀರು ಜೇನ್’ ಎಂದಷ್ಟೇ ಬರೆದು ಮುಗಿಸಿದ ಉತ್ತರಗಳು ಇವಳ ಬುದ್ಧಿಗೆ ಅನ್ಯಾಯ ಮಾಡುತ್ತವೆ.

24ನೇ ಅಧ್ಯಾಯಕ್ಕೆ ಹೆಚ್ಚು ಸಮಯ ಕೊಡಿ

ಬಹಳ ಮಂದಿ ತೋಟದ ದೃಶ್ಯದಿಂದ ನೇರವಾಗಿ ಚರ್ಚಿಗೆ ಹಾರುತ್ತಾರೆ. ನಡುವಿನ 24ನೇ ಅಧ್ಯಾಯವೇ ಈ ವಿಷಯದ ಗಣಿ. ಮದುವೆಗೆ ನಾಲ್ಕು ವಾರ ಇರುವಾಗ ರಾಚೆಸ್ಟರ್ ಅವಳನ್ನು ಮಿಲ್ಕೋಟ್ ಪೇಟೆಗೆ ಕರೆದೊಯ್ದು ಅರ್ಧ ಡಜನ್ ಉಡುಪು ಆರಿಸು ಎನ್ನುತ್ತಾನೆ. ಅವಳು ಅದನ್ನು ಎರಡಕ್ಕೆ ಇಳಿಸುತ್ತಾಳೆ. ಅವನ ಕಣ್ಣು ಹೊಳೆಯುವ ನೇರಳೆ ರೇಷ್ಮೆ ಮತ್ತು ಗುಲಾಬಿ ಸ್ಯಾಟಿನ್ ಮೇಲೆ. ಅವಳು ಹಟ ಹಿಡಿದು ಕಪ್ಪು ಸ್ಯಾಟಿನ್ ಹಾಗೂ ಮುತ್ತಿನ ಬೂದು ಬಣ್ಣದ ರೇಷ್ಮೆಗೆ ಒಪ್ಪಿಸುತ್ತಾಳೆ. ಅವನು ಕೊಡಿಸಿದಷ್ಟೂ ತನ್ನ ಕೆನ್ನೆ ಅವಮಾನದಿಂದ ಸುಡುತ್ತಿತ್ತು ಎನ್ನುತ್ತಾಳೆ. ಮದುವೆಯಾದ ಮೇಲೂ ನನ್ನ ಶಿಷ್ಯೆ ಅಡೆಲ್‌ಗೆ ಪಾಠ ಹೇಳುತ್ತೇನೆ, ಊಟ ವಸತಿಯ ಜೊತೆ ವರ್ಷಕ್ಕೆ 30 ಪೌಂಡ್ ಸಂಬಳ ಪಡೆದು ನನ್ನ ಬಟ್ಟೆ ನಾನೇ ಕೊಳ್ಳುತ್ತೇನೆ ಎಂದು ಅವನಿಗೆ ಷರತ್ತು ಹಾಕುತ್ತಾಳೆ.

ಇದೇ ಕಸಿವಿಸಿಯಲ್ಲಿ ಅವಳಿಗೆ ಮಡೀರಾ ದ್ವೀಪದಲ್ಲಿರುವ ಚಿಕ್ಕಪ್ಪ ಜಾನ್ ಐರ್ ನೆನಪಾಗುತ್ತಾನೆ. ಮುಂದೊಂದು ದಿನ ತನ್ನ ಕಡೆಯಿಂದಲೂ ಸ್ವಲ್ಪ ಆಸ್ತಿ ಬರುವಂತಿದ್ದರೆ ಈಗ ಇವನ ಹಂಗಿನಲ್ಲಿರುವುದನ್ನು ಸಹಿಸಬಹುದಿತ್ತು ಎಂದುಕೊಂಡು, ಚಿಕ್ಕಪ್ಪನಿಗೆ ಮದುವೆಯ ಸುದ್ದಿ ಬರೆಯಲು ತೀರ್ಮಾನಿಸುತ್ತಾಳೆ. ಆ ಪತ್ರ ತಲುಪುವಾಗ ಬರ್ತಾಳ ಸಹೋದರ ರಿಚರ್ಡ್ ಮೇಸನ್ ಅಲ್ಲೇ ಇರುತ್ತಾನೆ. ಜಾನ್ ಐರ್ ಹಲವು ವರ್ಷಗಳಿಂದ ಮೇಸನ್ ಮನೆತನದ ವ್ಯಾಪಾರಕ್ಕೆ ಮಡೀರಾದ ಫುಂಚಾಲ್‌ನಲ್ಲಿದ್ದ ಪ್ರತಿನಿಧಿ. ಹೀಗೆ 26ನೇ ಅಧ್ಯಾಯದಲ್ಲಿ ವಕೀಲ ಬ್ರಿಗ್ಸ್ ಚರ್ಚಿನಲ್ಲಿ ಎದ್ದು ನಿಂತು ಮದುವೆ ತಡೆಯುತ್ತಾನೆ. ಮೋಸದ ಮದುವೆಯಿಂದ ಜೇನ್‌ಳನ್ನು ಉಳಿಸಿದ್ದು ವಿಧಿಯಲ್ಲ, ತನ್ನ ಕಾಲ ಮೇಲೆ ನಿಲ್ಲಬೇಕೆಂಬ ಅವಳದೇ ಹಂಬಲ. ಬಟ್ಟೆ ಅಂಗಡಿ, ಪತ್ರ, ವಕೀಲ: ಈ ಸರಪಳಿಯನ್ನು ಅಧ್ಯಾಯ ಸಂಖ್ಯೆ ಸಮೇತ ತೋರಿಸಿದರೆ ಉತ್ತರಕ್ಕೆ ಬೆನ್ನೆಲುಬು ಬರುತ್ತದೆ.

ಇದೇ 24ನೇ ಅಧ್ಯಾಯದಲ್ಲಿ ಭಾರತೀಯ ಓದುಗರು ನಿಂತು ನೋಡಬೇಕಾದ ಒಂದು ಮಾತಿದೆ. ರಾಚೆಸ್ಟರ್ ಹಾಡುವ ಹಾಡಿನಲ್ಲಿ ಪ್ರೇಯಸಿ ತನ್ನೊಂದಿಗೆ ಬದುಕಿ ತನ್ನೊಂದಿಗೇ ಸಾಯುವುದಾಗಿ ಮಾತು ಕೊಟ್ಟಿದ್ದಾಳೆ. ಜೇನ್ ಹೇಳುತ್ತಾಳೆ: ನನ್ನ ಕಾಲ ಬಂದಾಗ ಸಾಯುತ್ತೇನೆ, ಸತಿ ಹೋಗುವವಳಂತೆ ಆತುರದಲ್ಲಿ ಹೊರಡುವುದಿಲ್ಲ. ಹತ್ತು ಅಧ್ಯಾಯಗಳ ನಂತರ ಸೇಂಟ್ ಜಾನ್ ಅವಳಿಗೆ ಜರ್ಮನ್ ಬಿಡಿಸಿ ಹಿಂದೂಸ್ತಾನಿ ಭಾಷೆ ಕಲಿಸುತ್ತಾನೆ. ಭಾರತಕ್ಕೆ ಹೋದರೆ ಅಕಾಲ ಮರಣವೇ ಎಂದು ಆಗ ಅವಳಿಗೆ ಅನಿಸುತ್ತದೆ. ಈ ಎರಡನ್ನೂ ಜೋಡಿಸಿ ಬರೆಯಬಹುದು. ಆದರೆ ಇಲ್ಲಿ ಭಾರತವೆಂದರೆ ಹೆಣ್ಣು ಆಹುತಿಯಾಗುವ ಜಾಗದ ರೂಪಕ, ನಿಜವಾದ ನಾಡಿನ ಚಿತ್ರವಲ್ಲ ಎಂಬುದನ್ನೂ ಹೇಳಿ.

ಹಣದ ಲೆಕ್ಕ

ಅಂಕಿಗಳನ್ನು ಬಾಯಿಪಾಠ ಮಾಡಿದರೆ ಸಾಲದು, ಒಂದರ ಎದುರು ಒಂದು ಇಡಬೇಕು. ಲೋವುಡ್ ಶಾಲೆಯಲ್ಲಿ ಜೇನ್ ಸಂಬಳ ವರ್ಷಕ್ಕೆ 15 ಪೌಂಡ್, ಥಾರ್ನ್‌ಫೀಲ್ಡ್‌ನಲ್ಲಿ 30, ಮಾರ್ಟನ್ ಹಳ್ಳಿ ಶಾಲೆಯಲ್ಲೂ 30. ಥಾರ್ನ್‌ಫೀಲ್ಡ್ ಬಿಟ್ಟು ಹೊರಟಾಗ ಕೈಯಲ್ಲಿದ್ದದ್ದು 20 ಷಿಲಿಂಗ್, ಅಂದರೆ ಒಂದು ಪೌಂಡ್. ಬರ್ತಾ ತಂದದ್ದು 30,000 ಪೌಂಡ್, ಜೇನ್‌ಳ ಸಾವಿರ ವರ್ಷದ ಸಂಬಳ. ರಾಚೆಸ್ಟರ್‌ನ ತಂದೆ ಜಮೀನು ಒಡೆಯಬಾರದೆಂದು ಎಲ್ಲವನ್ನೂ ಹಿರಿಮಗ ರೋಲಂಡ್‌ಗೆ ಕೊಟ್ಟು, ಕಿರಿಯವನಿಗೆ ಜಮೈಕಾದಲ್ಲಿ ದುಡ್ಡಿನ ಸಂಬಂಧ ಕುದುರಿಸಿದ. ಹುಡುಗಿಯ ಮನೆತನದಲ್ಲಿ ಹುಚ್ಚು ಇದೆ ಎಂದು ತಂದೆಗೂ ಅಣ್ಣನಿಗೂ ಗೊತ್ತಿತ್ತು. ವರದಕ್ಷಿಣೆ ನಮಗೆ ಪರಿಚಿತ ಸಂಗತಿಯಾದ್ದರಿಂದ ಕನ್ನಡದ ಓದುಗರಿಗೆ ಈ ಭಾಗ ತಟ್ಟನೆ ಹಿಡಿಸುತ್ತದೆ, ಆದರೆ ಹಿರಿಮಗನಿಗೇ ಪೂರ್ತಿ ಆಸ್ತಿ ಎಂಬ ಇಂಗ್ಲಿಷ್ ಪದ್ಧತಿಯನ್ನು ವಿವರಿಸದಿದ್ದರೆ ವಾದ ಅರ್ಧಕ್ಕೇ ನಿಲ್ಲುತ್ತದೆ.

33ನೇ ಅಧ್ಯಾಯದಲ್ಲಿ ಜೇನ್‌ಗೆ ಚಿಕ್ಕಪ್ಪನ 20,000 ಪೌಂಡ್ ಬರುತ್ತದೆ. ಸೇಂಟ್ ಜಾನ್ ಮತ್ತು ಅವನ ಇಬ್ಬರು ಸೋದರಿಯರ ಜೊತೆ ಸಮನಾಗಿ ಹಂಚಿ 5,000 ಇಟ್ಟುಕೊಳ್ಳುತ್ತಾಳೆ. 37ರಲ್ಲಿ ರಾಚೆಸ್ಟರ್ ಎದುರು ನಿಂತು ನಾನು ಶ್ರೀಮಂತಳು, ಸ್ವತಂತ್ರಳು, ನನಗೆ ನಾನೇ ಯಜಮಾನಿ ಎನ್ನುವಾಗ ಆ ಮಾತಿನ ಹಿಂದೆ ಈ ದುಡ್ಡಿದೆ.

ಕಾನೂನಿನಲ್ಲಿ ಎಡವುವ ಜಾಗ

ಗಂಡಹೆಂಡಿರ ವಿಚ್ಛೇದನವನ್ನು ಸಾಮಾನ್ಯ ಕೋರ್ಟಿಗೆ ತಂದ ಕಾಯ್ದೆ 1857ರದು. ವಿವಾಹಿತೆಯ ಗಳಿಕೆ, ಆಸ್ತಿಗೆ ರಕ್ಷಣೆ ಕೊಟ್ಟ ಕಾಯ್ದೆಗಳು 1870 ಮತ್ತು 1882ರವು. ಕಾದಂಬರಿ ಇವೆಲ್ಲಕ್ಕಿಂತ ಮೊದಲಿನದು. ಕಥೆ ನಡೆಯುವುದು ಇನ್ನೂ ಹಿಂದೆ: ಸೇಂಟ್ ಜಾನ್ ಹೊಸದಾಗಿ ಅಚ್ಚಾದ ಪುಸ್ತಕವೆಂದು ಜೇನ್‌ಗೆ ತಂದುಕೊಡುವ ವಾಲ್ಟರ್ ಸ್ಕಾಟ್‌ನ ‘ಮಾರ್ಮಿಯನ್’ ಪ್ರಕಟವಾದದ್ದು 1808ರಲ್ಲಿ. ಹಾಗಾಗಿ ಈ ಕಾಯ್ದೆಗಳನ್ನು ಪಾತ್ರಗಳ ಮೇಲೆ ಹೇರಬೇಡಿ. ಆಗ ವಿಚ್ಛೇದನ ಪಡೆದು ಮರುಮದುವೆಯಾಗಲು ಪಾರ್ಲಿಮೆಂಟಿನ ಪ್ರತ್ಯೇಕ ಕಾಯ್ದೆಯೇ ಬೇಕಿತ್ತು. ಹೆಂಡತಿಗೆ ಹುಚ್ಚು ಎಂದು ವೈದ್ಯರು ಹೇಳಿದ ಮೇಲೆ ಆ ದಾರಿಯೂ ಮುಚ್ಚಿತು ಎಂದು ರಾಚೆಸ್ಟರ್ ಹೇಳಿಕೊಳ್ಳುತ್ತಾನೆ. ಹುಚ್ಚು ವಿಚ್ಛೇದನಕ್ಕೆ ಕಾರಣವಾಗಬಹುದೆಂದು ಇಂಗ್ಲೆಂಡಿನ ಕಾನೂನು ಒಪ್ಪಿದ್ದು 1937ರಲ್ಲಿ.

ಒಳ್ಳೆಯ ಪ್ರಬಂಧ ಇಲ್ಲಿ ಇನ್ನೊಂದು ಪ್ರಶ್ನೆ ಎತ್ತುತ್ತದೆ. ಟ್ರಸ್ಟ್ ಮಾಡಿ ಬೇರೆ ಇಡದ ಹೊರತು, ಮದುವೆಯಾದ ಕ್ಷಣದಿಂದ ಹೆಂಡತಿಯ ಹಣ ಗಂಡನದಾಗುತ್ತಿತ್ತು. ಜೇನ್ ತನ್ನ 5,000 ಪೌಂಡಿಗೆ ಅಂಥ ಏರ್ಪಾಡು ಮಾಡಿದಳೇ? ಕೊನೆಯ ಅಧ್ಯಾಯ ಆ ಬಗ್ಗೆ ತುಟಿ ಬಿಚ್ಚುವುದಿಲ್ಲ. ಸಮಾನತೆಯ ಮದುವೆ ಎಂದು ನೀವು ವಾದಿಸುವುದಾದರೆ ಈ ಮೌನಕ್ಕೆ ಉತ್ತರ ಕೊಡಲೇಬೇಕು.

ಬರೆಯಲು ಕೂತಾಗ

ಮೊದಲು ವಾದವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಕಾದಂಬರಿಯಲ್ಲಿ ಪ್ರೀತಿಗೆ ಮಹತ್ವವಿದೆ’ ಎಂಬಂಥ ವಾಕ್ಯ ಯಾವ ಪುಸ್ತಕಕ್ಕೂ ಹೊಂದುತ್ತದೆ, ಬಿಟ್ಟುಬಿಡಿ. ‘ಜೇನ್ ಮದುವೆಗೆ ಒಪ್ಪುವುದು, ಮದುವೆಯಾಗದೆಯೂ ಬದುಕಬಲ್ಲ ಸ್ಥಿತಿಗೆ ಬಂದ ಮೇಲೆ’ ಎಂಬುದಕ್ಕೆ ಪುರಾವೆ ಬೇಕಾಗುತ್ತದೆ. ಪುರಾವೆ ಬೇಡುವ ವಾಕ್ಯವೇ ಒಳ್ಳೆಯ ವಾದ. ಸಾವಿರ ಪದದ ಪ್ರಬಂಧಕ್ಕೆ ಮೂರು ದೃಶ್ಯ ಸಾಕು. ಕಥೆ ಹೇಳಲು ನೂರು ಪದ ಮೀರಬೇಡಿ.

ಪುರಾವೆ ಎಂದರೆ ಎಷ್ಟು ಹತ್ತಿರದಿಂದ ನೋಡಬೇಕು ಎಂಬುದಕ್ಕೆ ಎರಡು ನಡಿಗೆಗಳನ್ನು ತೆಗೆದುಕೊಳ್ಳಿ. 26ರಲ್ಲಿ ಚರ್ಚಿಗೆ ಹೋಗುವಾಗ ರಾಚೆಸ್ಟರ್ ಅವಳ ಕೈಯನ್ನು ಕಬ್ಬಿಣದ ಹಿಡಿತದಲ್ಲಿ ಹಿಡಿದು ದಾಪುಗಾಲು ಹಾಕುತ್ತಾನೆ. ಚರ್ಚಿನ ಗೇಟಿನ ಬಳಿ ನಿಂತಾಗಲೇ ಅವಳಿಗೆ ಏದುಸಿರು ಬಂದಿರುವುದು ಅವನ ಗಮನಕ್ಕೆ ಬರುವುದು. ನನ್ನ ಪ್ರೀತಿ ಕ್ರೂರವೇ ಎಂದು ಆಗ ಅವನೇ ಕೇಳುತ್ತಾನೆ. 37ರ ಕೊನೆಯಲ್ಲಿ ಕಣ್ಣು ಕಳೆದುಕೊಂಡ ಅವನು ಕೈ ಚಾಚುತ್ತಾನೆ. ಅವಳು ಆ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ಅವನಿಗಿಂತ ಗಿಡ್ಡವಾದ್ದರಿಂದ ಊರುಗೋಲೂ ಆಗಿ ದಾರಿ ತೋರಿಸುವವಳೂ ಆಗಿ ಮನೆಗೆ ನಡೆಸುತ್ತಾಳೆ. ಮೊದಲ ಮದುವೆಗೂ ನೆಂಟರಿಷ್ಟರಿರಲಿಲ್ಲ, ಎರಡನೆಯದಕ್ಕೂ ಪಾದ್ರಿ ಮತ್ತು ಗುಮಾಸ್ತನ ಹೊರತು ಯಾರೂ ಇಲ್ಲ. ಹೊರನೋಟಕ್ಕೆ ಎರಡೂ ಒಂದೇ ಥರದ ಮದುವೆ, ಬದಲಾದದ್ದು ನಡಿಗೆಯ ವೇಗ ಯಾರದ್ದು ಎಂಬುದು. ಆದರೆ ಹುಷಾರು: 37ರಲ್ಲೂ ಅವಳು ‘ಹೌದು, ಸರ್’ ಎಂದೇ ಉತ್ತರಿಸುತ್ತಾಳೆ. ಸಂಬೋಧನೆ ಬದಲಾಯಿತು ಎಂದು ಬರೆದರೆ ಪಠ್ಯವೇ ನಿಮ್ಮನ್ನು ಸುಳ್ಳಾಗಿಸುತ್ತದೆ.

ಉಳಿದ ಜೋಡಿಗಳು ಒಂದೊಂದು ವಾಕ್ಯಕ್ಕೆ ಸಾಕು: ಬಡ ಪಾದ್ರಿಯನ್ನು ಮೆಚ್ಚಿ ಮದುವೆಯಾಗಿ ತವರಿನ ಆಸ್ತಿ ಕಳೆದುಕೊಂಡ ಜೇನ್‌ಳ ತಾಯಿ, ಅಂತಸ್ತಿಗಾಗಿ ರಾಚೆಸ್ಟರ್ ಬೆನ್ನು ಹತ್ತಿದ ಬ್ಲಾಂಚ್ ಇಂಗ್ರಾಮ್, ಸೇಂಟ್ ಜಾನ್ ಪ್ರೀತಿಸಿಯೂ ಬಿಟ್ಟುಕೊಟ್ಟ ರೋಸಮಂಡ್ ಆಲಿವರ್.

ಬರ್ತಾ ಬಗ್ಗೆ ಬರೆಯುವಾಗ ಜೀನ್ ರೀಸ್ 1966ರಲ್ಲಿ ಪ್ರಕಟಿಸಿದ, ಬರ್ತಾಳ ಕಥೆಯನ್ನೇ ಹೊಸದಾಗಿ ಹೇಳುವ ‘ವೈಡ್ ಸರ್ಗಾಸೊ ಸೀ’ ಕಾದಂಬರಿಯ ಸಂಗತಿಗಳು ಬೆರೆಯದಂತೆ ನೋಡಿಕೊಳ್ಳಿ. ಬ್ರಾಂಟೆಯ ಪುಸ್ತಕದಲ್ಲಿ ಬರ್ತಾ ನೇರವಾಗಿ ಒಂದು ಮಾತೂ ಆಡುವುದಿಲ್ಲ. ಅವಳು ಹೀಗೆಂದಳು ಎಂದು 20ನೇ ಅಧ್ಯಾಯದಲ್ಲಿ ಮೇಸನ್ ಹೇಳುವುದು ಬಿಟ್ಟರೆ, ಆ ಮದುವೆಯ ಕಥೆ ನಮಗೆ ಸಿಗುವುದು ರಾಚೆಸ್ಟರ್ ಬಾಯಿಂದ. ಜೇನ್‌ಳ ಸುಖಕ್ಕೆ ದಾರಿ ತೆರೆದದ್ದು ಇವಳ ಸಾವು ಎಂಬ ಮಾತನ್ನು ಮುಚ್ಚಿಡಬೇಡಿ. ಲೇಖಕಿಯ ಜೀವನವನ್ನೂ ಅಳತೆ ಮೀರಿ ಎಳೆದು ತರಬೇಡಿ: ಬ್ರಾಂಟೆ ಆರ್ಥರ್ ಬೆಲ್ ನಿಕೋಲ್ಸ್‌ರನ್ನು ಮದುವೆಯಾದದ್ದು 1854ರ ಜೂನ್‌ನಲ್ಲಿ, ಕಾದಂಬರಿ ಬಂದು ಏಳು ವರ್ಷವಾಗುತ್ತಿದ್ದಾಗ.

ಕೊನೆಯ ಪುಟವನ್ನು ಇನ್ನೊಮ್ಮೆ ಓದಿ. ಹತ್ತು ವರ್ಷದ ದಾಂಪತ್ಯದ ಸುಖ ಹೇಳಿದ ಮೇಲೆ ಕಾದಂಬರಿ ದಂಪತಿಯ ಮೇಲೆ ನಿಲ್ಲದೆ, ಭಾರತದಲ್ಲಿ ಮದುವೆಯಾಗದೇ ಉಳಿದು ಸಾವಿಗೆ ಹತ್ತಿರವಾಗಿರುವ ಸೇಂಟ್ ಜಾನ್‌ನ ಪತ್ರದ ಮಾತಿನಿಂದ ಮುಗಿಯುತ್ತದೆ. ಮದುವೆಯೇ ಈ ಕಥೆಯ ಗುರಿ ಎಂದು ನಿಮ್ಮ ಪ್ರಬಂಧ ವಾದಿಸುತ್ತಿದ್ದರೆ, ಕೊನೆಯ ಮಾತು ಅವನಿಗೇಕೆ ಸಿಕ್ಕಿತು ಎಂಬುದಕ್ಕೆ ಒಂದು ಪ್ಯಾರಾ ಮೀಸಲಿಡಿ.