ಬಳ್ಳಾರಿ ಬಿಸಿಲಲ್ಲಿ ಉಕ್ಕಿನ ತೊಲೆಗೆ ಬೆಂಕಿ ತಡೆಯುವ ಪೇಂಟ್

ಶೋರೂಮ್, ಆಸ್ಪತ್ರೆಗಳ ಉಕ್ಕಿಗೆ ನಾವು ಹೊಡೆಯುವ ಇಂಟ್ಯುಮೆಸೆಂಟ್ ಪೇಂಟ್ 200 ಡಿಗ್ರಿ ದಾಟಿದ ಮೇಲೆ ಉಬ್ಬಿ, ದಪ್ಪನೆಯ ಇದ್ದಿಲ ನೊರೆಯಾಗಿ ಉಕ್ಕನ್ನು ಮುಚ್ಚಿಕೊಳ್ಳುತ್ತದೆ. 550 ಡಿಗ್ರಿ ಸುಮಾರಿಗೆ ಉಕ್ಕಿನ ಬಲ ಅರ್ಧಕ್ಕಿಳಿಯುತ್ತದೆ; ಆ ಹಂತವನ್ನು 60 ಅಥವಾ 120 ನಿಮಿಷ ಮುಂದೂಡುವುದೇ ಇದರ ಕೆಲಸ.

ಎಲ್ಲ ತೊಲೆಗೂ ಒಂದೇ ದಪ್ಪ ಬರೆದ ಕೊಟೇಶನ್ ಒಪ್ಪಬೇಡಿ. ತೆಳು ಸೆಕ್ಷನ್ ಬೇಗ ಕಾಯುತ್ತದೆ, ಅದಕ್ಕೇ ಪೇಂಟ್ ಹೆಚ್ಚು ಬೇಕು. ಬೆಂಕಿ ತಗಲುವ ಸುತ್ತಳತೆಯನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ, ಎರಡನ್ನೂ ಮೀಟರ್ ಲೆಕ್ಕದಲ್ಲಿಟ್ಟು, ಭಾಗಿಸಿ. ಮೇಲೆ ಸ್ಲ್ಯಾಬ್ ಕೂತ ಐಎಸ್‌ಎಂಬಿ 300ಕ್ಕೆ (300 ಮಿ.ಮೀ. ಎತ್ತರದ ‘I’ ಆಕಾರದ ತೊಲೆ) ಸುಮಾರು 180 ಬರುತ್ತದೆ, ಐಎಸ್‌ಎಂಬಿ 600ಕ್ಕೆ 115. ಈ ಅಂಕಿ ಹಿಡಿದು ಕಂಪನಿಯ ಟೇಬಲ್‌ನಲ್ಲಿ ದಪ್ಪ ನೋಡಬೇಕು. ಒಣಗಿದ ದಪ್ಪ 1000 ಮೈಕ್ರಾನ್, ಅಂದರೆ ಒಂದು ಮಿ.ಮೀ., ಬಂತೆನ್ನಿ. 70% ಘನಾಂಶದ (ಒಣಗಿದ ಮೇಲೆ ಉಳಿಯುವ ಭಾಗ) ಪೇಂಟ್ ಚದರ ಮೀಟರಿಗೆ 1.43 ಲೀಟರ್ ಬೇಕು. ಸ್ಪ್ರೇಯಲ್ಲಿ ಕಾಲು ಭಾಗ ಹಾಳಾಗುತ್ತದೆ, ಹಾಗಾಗಿ 10 ಮೀಟರಿನ ಐಎಸ್‌ಎಂಬಿ 300ಕ್ಕೆ, ಅಂದರೆ ಸುಮಾರು 10 ಚದರ ಮೀಟರಿಗೆ, 19 ಲೀಟರ್ ಇಟ್ಟುಕೊಳ್ಳಿ.

ಫ್ಯಾಬ್ರಿಕೇಟರ್ ಬಳಿದು ಕಳಿಸುವ ಅಗ್ಗದ ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ಇದನ್ನು ಹೊಡೆಯಬಾರದು. ಪೇಂಟಿನ ಥಿನ್ನರ್ ಆ ಪ್ರೈಮರನ್ನು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ಎಸ್‌ಎ 2.5 ಮಟ್ಟಕ್ಕೆ, ಅಂದರೆ ತುಕ್ಕೆಲ್ಲ ಹೋಗಿ ಉಕ್ಕು ಬಹುತೇಕ ಬೆಳ್ಳಗಾಗುವವರೆಗೆ, ಗ್ರಿಟ್ ಬ್ಲಾಸ್ಟ್ ಮಾಡಿ, ಪೇಂಟ್ ಕಂಪನಿ ಒಪ್ಪಿದ ಎಪಾಕ್ಸಿ ಜಿಂಕ್ ಫಾಸ್ಫೇಟ್ ಪ್ರೈಮರ್ 50ರಿಂದ 75 ಮೈಕ್ರಾನ್ ಕೊಡಿ.

ನಮ್ಮ ಕಡೆ ನಿಜವಾದ ತೊಂದರೆ ಬಿಸಿಲು ಮತ್ತು ಧೂಳು. ಏಪ್ರಿಲ್, ಮೇನಲ್ಲಿ ಬಿಸಿಲಿಗೆ ಬಿದ್ದ ತೊಲೆ ಕೈ ಇಡಲಾಗದಷ್ಟು ಕಾದಿರುತ್ತದೆ. ಪೇಂಟ್ ಉಕ್ಕಿಗೆ ತಾಗುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗಿ ಕೂರುತ್ತದೆ, ಮೇಲ್ಮೈ ಬೇಗ ಕಟ್ಟಿ ಒಳಗಿನ ಥಿನ್ನರ್ ಸೂಜಿ ತೂತು ಬಿಟ್ಟು ಹೊರಬರುತ್ತದೆ. ನಸುಕಿನಲ್ಲೇ ಶುರು ಮಾಡಿ, ಬಿಸಿಲೇರುವ ಮುಂಚೆ ಗನ್ ತೊಳೆದಿಡುವುದೇ ಸರಿ. ಸಂಡೂರು, ತೋರಣಗಲ್ಲು ರಸ್ತೆ ಬದಿಯ ಸೈಟಾದರೆ ಅದಿರು ಧೂಳು ರಾತ್ರಿಯಲ್ಲೇ ಪ್ರೈಮರ್ ಮೇಲೆ ಕೂತಿರುತ್ತದೆ. ಬೆರಳಾಡಿಸಿದರೆ ಕೆಂಪು ಹತ್ತುತ್ತದೆ. ಆ ಬೆರಳು ಸ್ವಚ್ಛವಾಗಿ ಬರುವವರೆಗೆ ಒರೆಸಬೇಕು. ಮಳೆಗಾಲದಲ್ಲಿ ಉಕ್ಕಿನ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ತಾಪ) ಕನಿಷ್ಠ 3 ಡಿಗ್ರಿ ಮೇಲಿರಲಿ.

ಏರ್‌ಲೆಸ್ ಸ್ಪ್ರೇ ಮಷೀನಿನ ಫಿಲ್ಟರ್ ತೆಗೆದುಬಿಡಿ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಟಿಪ್ (ಗನ್ನಿನ ತೂತು) 19 ಅಥವಾ 21 ಥೌ, ಅಂದರೆ ಇಂಚಿನ ಸಾವಿರದ ಭಾಗದ ಲೆಕ್ಕ. ಫ್ಲ್ಯಾಂಜ್ (ತೊಲೆಯ ಮೇಲಿನ, ಕೆಳಗಿನ ಅಗಲ ಪಟ್ಟಿ) ಅಂಚಿನಿಂದ ಹಸಿ ಪೇಂಟ್ ಹಿಂದೆ ಸರಿದು ಅಲ್ಲೇ ತೆಳುವಾಗುತ್ತದೆ; ಅಂಚು, ಬೋಲ್ಟ್ ತಲೆಗಳಿಗೆ ಮೊದಲು ಬ್ರಷ್ ಎಳೆದುಕೊಳ್ಳಿ. ಹಸಿಯಿರುವಾಗಲೇ ಹಸಿ ದಪ್ಪ ಅಳೆಯುವ ಹಲ್ಲಿನ ಗೇಜ್ ಒತ್ತಿ ನೋಡಿ: 500 ಒಣ ಮೈಕ್ರಾನಿಗೆ ಸುಮಾರು 715 ಹಸಿ. 1000 ಬೇಕಿದ್ದರೆ ಎರಡು ಕೋಟ್. ಒಂದೇ ಸಲ ಹೇರಿದರೆ ಇಳಿದು ಜೋತು ಬೀಳುತ್ತದೆ.

ಒಣಗಿದ ಮೇಲಿನ ಅಳತೆಯಿಂದ ಪ್ರೈಮರ್ ದಪ್ಪ ಕಳೆಯಲೇಬೇಕು. ಕೊನೆಗೆ ಮೇಲೆ ಕೊಡುವ ಟಾಪ್‌ಕೋಟ್ ಕಂಪನಿ ಹೇಳಿದಷ್ಟೇ ಇರಲಿ. ಅದನ್ನು ಚಂದಕ್ಕೆಂದು ದಪ್ಪ ಹೊಡೆದರೆ ಕೆಳಗಿನ ಪೇಂಟನ್ನು ಉಬ್ಬಲು ಬಿಡುವುದಿಲ್ಲ.

ಆಮೇಲೆ ಬರುವ ಎಲೆಕ್ಟ್ರಿಷಿಯನ್, ಡಕ್ಟ್ ಕೆಲಸದವರ ಕ್ಲಾಂಪುಗಳನ್ನು ಮೊದಲೇ ಹಾಕಿಸಿಕೊಳ್ಳಿ. ಪೇಂಟಾದ ಮೇಲೆ ವೆಲ್ಡಿಂಗ್ ಮಾಡಿದರೆ ಸುತ್ತಲೂ ಸುಟ್ಟು ಉಬ್ಬಿರುತ್ತದೆ. ಅಷ್ಟನ್ನೂ ಉಕ್ಕು ಕಾಣುವವರೆಗೆ ಕೆರೆದು, ಪ್ರೈಮರಿನಿಂದ ಮತ್ತೆ ಶುರು ಮಾಡಬೇಕು.